ದೊರೆಗಳ ಗಾಲ್ಫಿಗೆ ಕುಸುಬಿ ಎಣ್ಣಿ

ಸೊಲ್ಲಾಪುರದ ಇಂಗ್ರೇಜಿ ದೊರೆಗಳಿಗೆ ಗಾಲ್ಫ್ ಆಡೂದು ಕಲಿಸಿದಾಂವ ನಾನು. ಆ ದೊರೆಗಳು ಹಡಗ ಹತ್ತಿ ಹೋದ್ರು, ಅವರ ಆಳುಗಳು ಮಣ್ಣಾದ್ರು. ಸುಳ್ಳು ಅನ್ನಾಕ ಈಗ ಒಬ್ಬನೂ ಉಳಿದಿಲ್ಲ. ಇಂಥಾವು ನನಗ ಎಷ್ಟು ಆಗ್ಯಾವಂದ್ರ, ನವಿ ಪೇಠದ ಚಹಾದಂಗಡ್ಯಾಗ ಕುಂತ್ರ ಸಾಕು, "ಕಾಕಾ, ಏನಾರ ಹೇಳ್ರಿ" ಅಂತಾರ. ಮೊನ್ನಿ ಹೇಳಿದ್ದು ಇದು.

ಬಿದ್ದಾಂವನೇ ಬಲ್ಲ

ಸ್ವಾತಂತ್ರ್ಯ ಬಂದು ಏಳೆಂಟು ವರ್ಷ ಆಗಿತ್ತು. ದೊರೆಗಳ ಗಾಲ್ಫ್ ಮೈದಾನ ಕುಂಭಾರಿ ಕಡೆ ಇತ್ತು. ರಸ್ತಾದ ಎರಡೂ ಬದಿ ಜಾಲಿ ಬೆಳೆದು, ಎಲ್ಲಿತ್ತು ಅನ್ನೂದೇ ತಿಳೀದಂಗಾಗಿತ್ತು. ಒಬ್ಬ ಗಿರಣಿ ಮಾಲಕರಿಗೆ ಅದನ್ನ ಮೊದಲಿದ್ದಂಗ ಮಾಡೂ ಹುಕಿ ಬಂತು. ಚೆಂಡು ಬೀಳಿಸೂ ಹಳೇ ಕುಣಿ ತೋರಿಸಿದಾಂವಗ ಅಲ್ಲಿ ಆಳುಗಳ ಮ್ಯಾಲಿನ ಮುಕಾದಮನ ಕೆಲಸ ಅಂತ ಡಂಗುರ ಹೊಡಿಸಿದ್ರು. ನಾನು ಮನ್ಯಾಗ, "ನಾಳಿಂದ ನೀ ಮುಕಾದಮನ ಹೇಂತಿ" ಅಂದೆ. ಆಕಿ ಓಣಿ ತುಂಬ ಸಕ್ರಿ ಹಂಚಿ ಬಂದ್ಲು. ಇನ್ನ ಕೆಲಸ ಸಿಗದ ಮನಿಗೆ ಹೋಗೂಹಂಗಿರಲಿಲ್ಲ.

ನನ್ನ ಜೋಡಿ ಮಾಲಕರ ಕಡೆ ಮತ್ತಿಬ್ಬರು ಬಂದಿದ್ರು. ಹಳೇ ಸುಭೇದಾರ, "ನಾ ಅಲ್ಲಿ ಸಲಾಮು ಹೊಡದೀನಿ" ಅಂದ. ಅಕ್ಕಲಕೋಟಿ ಅರಮನಿ ಅಡಗಿಯಾಂವ, "ನಾ ಅಲ್ಲಿಗೆ ಚಹಾ ಕಳಿಸೀನಿ" ಅಂದ.

ನಾ ಅಂದೆ, "ಮಾಲಕರೆ, ಇವರು ಬರೇ ನೋಡ್ಯಾರ. ನಾ ಒಂದೊಂದು ಕುಣ್ಯಾಗೂ ಬಿದ್ದೀನಿ!"

ನನ್ನನ್ನೇ ಆರಿಸಿದ್ರು.

ಇರುವಿ ಯಾರವು?

ಪುಣೆಯಿಂದ ಪಾಟಲೋನು ತೊಟ್ಟ ತಜ್ಞರೊಬ್ಬರು ಬಂದ್ರು. ನಾ ತೋರಿಸಿದ ಮೊದಲನೇ ಕುಣಿ ನೋಡಿ, "ಈ ಒಣ ನಾಡಾಗ ಕುಣಿ ಸುತ್ತ ಹುಲ್ಲು ಬೆಳಿಯೂದಿಲ್ಲ. ಉಸುಕು ಹಾರಬಾರದಂತ ಎಣ್ಣಿ ಹೊಯ್ದು ತಟ್ಟತಿದ್ರು. ಯಾವ ಎಣ್ಣಿ?" ಅಂತ ಕೇಳಿದ್ರು.

"ಕುಸುಬಿ ಎಣ್ಣಿರಿ. ಗಾಣದ್ದು."

"ಖರೇನ?"

"ಘಮ ಘಮ ಅಂತಿತ್ರಿ!"

ಡಬ್ಬಿಗಟ್ಟಲೆ ಹೊಯ್ಸಿದೆ. ಮುಂಜಾನೆ ನೋಡಿದ್ರ ಸೊಲ್ಲಾಪುರದ ಇರುವಿ ಎಲ್ಲಾ ಅಲ್ಲೇ. ಮಾಲಕರು ಹೊಡೆದ ಚೆಂಡು ಕುಣಿಗೆ ದೂರ ನಿಂತಿತ್ತು. ಇರುವಿ ಅದನ್ನ ಎತ್ತಿ, ಮೆರವಣಿಗಿ ಮಾಡಿ ತಂದು, ಕುಣ್ಯಾಗ ಹಾಕಿದ್ವು!

"ಒಂದೇ ಏಟಿಗೆ!" ಅಂತ ಮಾಲಕರು ಕುಣಿದಾಡಿದ್ರು.

"ಇದು ನಡಿಯೂದಿಲ್ಲರಿ, ಇರುವಿ ತಂದಾವ" ಅಂದ್ರು ತಜ್ಞರು.

"ಎಣ್ಣಿ ನಂದು. ಇರುವೀನೂ ನನ್ನವೇ!" ಅಂದ್ರು ಮಾಲಕರು.

ದೊಡ್ಡ ಕುಣಿ

ಮುಂದಿನ ಕುಣಿ ಕೇಳಿದ್ರು. ನೆಲ ತಗ್ಗಿದ್ದಲ್ಲಿ ಬಟ್ಟು ಮಾಡಿದೆ. ಅಗದ್ರ ಕಲ್ಲಿನ ಮುಚ್ಚಳ. ಸರಿಸಿದ್ರ ಆಳು ಇಳಿಯೂವಂಥಾ ಬಾಯಿ.

"ಇಷ್ಟು ದೊಡ್ಡದು?" ತಜ್ಞರು ಬೆವತ್ರು.

"ಕಡೀಕಡೀಗೆ ದೊರೆಗಳಿಗೆ ಕಣ್ಣು ಮಂದಾಗಿದ್ವುರಿ."

ಇಣುಕಿದ್ರ ಒಳಗ ಜ್ವಾಳ! ರೈತರು ನೆಲದಾಗ ಕಾಳು ತುಂಬಿಡೂ ಹಗೇವು ಅದು. ನಾ ಅಂಜೂ ಪೈಕಿ ಏನು? "ಆಡಿ ಹಸದ್ರ ದೊರೆಗಳಿಗೆ ರೊಟ್ಟಿ ಬ್ಯಾಡೇನ್ರಿ?" ಅಂದೆ. ಮಾಲಕರು ಅಲ್ಲೇ ನನಗ ಮುಕಾದಮನ ರುಮಾಲು ಸುತ್ತಿದ್ರು.

ಇಷ್ಟು ಹೇಳಿ ಚಹಾ ಬಸಿಗೆ ಸುರುವಿ ಬಾಯಿ ಹಚ್ಚಿದೆ. ಮೂಲ್ಯಾಗ ಕುಂತಿದ್ದ ಕುಂಭಾರಿಯಾಂವೊಬ್ಬ ಕೆಮ್ಮಿದ.

"ಕಾಕಾ, ಆ ಹಗೇವು ನಮ್ಮಪ್ಪಂದರಿ. ಗಾಲ್ಫ್ ಮೈದಾನ ಇದ್ದದ್ದು ರಸ್ತಾದ ಆ ಬದಿಗೆ. ನೀವು ಎಣ್ಣಿ ಹೊಯ್ದದ್ದು ನಮ್ಮ ಬೀಳು ಹೊಲಕ್ಕ. ಅಪ್ಪ ಬಡಿಗಿ ಹಿಡಕೊಂಡು ಬಂದು ನಿಮ್ಮನ್ನ ಓಡಿಸಿ, ಖರೇ ಮೈದಾನ ತೋರಿಸಿದ. ರುಮಾಲು ಸುತ್ತಿದ್ದು ಅವಗ. ಇನ್ನೂ ನಮ್ಮ ಮನ್ಯಾಗ ಐತಿ."

ಅಂಗಡಿ ಎಲ್ಲಾ ನನ್ನ ಮಾರಿ ನೋಡ್ತು. ನಾ ಭುಜ ಹಾರಿಸಿದೆ.

"ಇರಬಹುದು ಬಿಡು, ತಮ್ಮಾ. ಆ ವರ್ಷ ನಿಮ್ಮ ಹೊಲದಾಗ ಕುಸುಬಿ ಭಾರಿ ಬಂದಿರಬೇಕಲ್ಲ?"