ಗಾಳಿಗೆ ಬುದ್ಧಿ ಹೇಳುವ ಮಾವ

೧೯೮೬ರಲ್ಲಿ, ಎಂಟನೇ ಇಯತ್ತೆಯಲ್ಲಿ, ನಾನು ಶಾಲೆ ಬಿಟ್ಟೆ. ಮನೆಯವರೆಲ್ಲ ಸೂತಕದವರಂತೆ ಕೂತಿದ್ದರೆ ಸೋದರಮಾವನೊಬ್ಬ ಪೇಢೆ ಹಂಚಿದ! ಗಾಳಿಗೆ ಬುದ್ಧಿ ಹೇಳಬಲ್ಲ ಮನುಷ್ಯ ಭೂಮಿಯ ಮೇಲೆ ಅವನೊಬ್ಬನೇ ಇದ್ದ; ಈಗ ಅವನಿಗೊಬ್ಬ ಶಿಷ್ಯ ಸಿಕ್ಕಿದ್ದ.

ಮಾವ ಖಾನಾಪುರದ ಅಕ್ಕಿ ಗಿರಣಿಗಳಿಗೆ ಬ್ಲೋವರ್ ಕೂಡಿಸುವ ಫಿಟ್ಟರ್. ಭತ್ತದ ಹೊಟ್ಟನ್ನು ಬುಟ್ಟಿಯಲ್ಲಿ ಹೊರುವ ಬದಲು ಗಾಳಿಯ ಜೋರಿನಿಂದ ಪೈಪಿನೊಳಗೆ ಹಾರಿಸಿ ಹಿತ್ತಲಿನ ಕೋಣೆಗೆ ತಲುಪಿಸುವುದು ಅವನ ವಿದ್ಯೆ. ಮೂವತ್ತು ವರ್ಷದಲ್ಲಿ ತನ್ನ ಒಂದು ಪೈಪಿನಲ್ಲೂ ಹೊಟ್ಟು ಸಿಕ್ಕಿಕೊಂಡಿಲ್ಲವೆಂದು ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದ. ಗಾಳಿ ಅಳೆಯಲು ಅವನ ಬಳಿ ಇದ್ದ ಯಂತ್ರ ತಲೆಯ ಮೇಲಿನ ಬಿಳಿ ಟೋಪಿ. ಅದನ್ನು ಪೈಪಿನ ಬಾಯಿಗೆ ಹಿಡಿಯುವನು. ಒಮ್ಮೆ ಬ್ಲೋವರ್ ಗಾಳಿ ಒಳಗೆಳೆದುಕೊಳ್ಳುವ ಬಾಯಿಗೇ ಹಿಡಿದ. ಟೋಪಿ ಆ ಕಡೆ ಚಿಂದಿಯಾಗಿ ಬಿತ್ತು. ಚಿಂದಿಯನ್ನು ಎತ್ತಿ ನೋಡಿ, ಜೋರು ಸಾಕಷ್ಟಿದೆ ಎಂದು ತೀರ್ಪು ಕೊಟ್ಟ. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ಹರ್ನಿಯಾಕ್ಕೆ ಮಲಗಿದ್ದಾಗ ಗೋಡೆಯ ಆಕ್ಸಿಜನ್ ಪೈಪಿಗೆ ಕಿವಿ ಹಚ್ಚಿ, ಇದನ್ನು ಜೋಡಿಸಿದವನನ್ನು ಕರೆಸಿರೆಂದು ನರ್ಸಿನ ಬೆನ್ನು ಹತ್ತಿದ್ದ. ಅವನು ಮನೆಗೆ ಹೋದ ದಿನ ಅಲ್ಲಿ ಎಷ್ಟು ಜನ ನೆಮ್ಮದಿಯ ಉಸಿರು ಬಿಟ್ಟಿರಬೇಕು!

ಎರಡು ಸಾವಿರದ ಇಸವಿಯ ಸುಮಾರಿಗೆ ನನಗೆ ಮೊದಲ ಸ್ವಂತ ಗುತ್ತಿಗೆ ಸಿಕ್ಕಿತು, ಖಾನಾಪುರದಲ್ಲೇ. ಇದು ಕೆಟ್ಟರೆ ಎರಡನೆಯದನ್ನು ಯಾರೂ ಕೊಡುತ್ತಿರಲಿಲ್ಲ. ಪೈಪು ಗೋಡೆಯ ಮೂಲೆಯಲ್ಲಿ ತಿರುಗಬೇಕಿತ್ತು. ಎತ್ತಿನ ಕೊಂಬಿನಂತೆ ಉದ್ದಕ್ಕೆ ಬಗ್ಗಿಸು ಎಂದ ಮಾವ. ಮುದುಕನ ಮಾತು ಯಾರು ಕೇಳುತ್ತಾರೆ? ಅಂದವಾಗಿರಲೆಂದು ನಾನು ಗೋಡೆಗೆ ಒತ್ತಿ, ಮೊಣಕೈಯಂತೆ ಗಿಡ್ಡಕ್ಕೆ ತಿರುಗಿಸಿದೆ.

ಪೂಜೆಯ ದಿನ ಗಿರಣಿ ಸಾವಕಾರರ ಬೀಗರೆಲ್ಲ ಬಂದಿದ್ದರು. ಗುಂಡಿ ಒತ್ತಿದೆ. ಐದೇ ನಿಮಿಷ. ಹೊಟ್ಟು ಮೂಲೆಯಲ್ಲಿ ಗಟ್ಟಿಯಾಗಿ ಸಿಕ್ಕಿಕೊಂಡಿತು, ಬ್ಲೋವರ್ ಎಮ್ಮೆಯಂತೆ ಒದರಿತು, ಪೈಪಿನ ಜೋಡಣೆ ಹಾರಿಹೋಯಿತು. ಬೀಗತಿಯ ರೇಷ್ಮೆ ಸೀರೆ, ಸಾವಕಾರರ ಮೀಸೆ, ಶಿರಾ ತುಂಬಿದ ಬೋಗುಣಿ, ಎಲ್ಲದರ ಮೇಲೂ ಹೊಟ್ಟು!

"ಪೈಪ್ ಹಿಂಗ ತಿರುವಿದಾಂವ ಯಾರು?" ಸಾವಕಾರರು ಕೇಳಿದರು.

ನಾನು ಬಗ್ಗಿ, ಹಾರಿಬಿದ್ದ ಪೈಪಿನ ತುಂಡು ಎತ್ತತೊಡಗಿದೆ.

"ನಾನರೀ," ಎಂದ ಮಾವ. "ಅಳಿಯಾ ಉದ್ದ ಬಗ್ಗಸೂಣು ಅಂದಿದ್ದ. ನಾನ ಕೇಳಲಿಲ್ರಿ."

ಮರುದಿನ ಅವನು ಹೇಳಿದಂತೆಯೇ ಬಗ್ಗಿಸಿದೆ. ಹೊಟ್ಟು ಸದ್ದಿಲ್ಲದೆ ಜಾರಿ ಹೋಯಿತು. ಆಮೇಲೆ ಖಾನಾಪುರದ ಗಿರಣಿಯವರು ಮಾವನನ್ನು ಕರೆಯಲಿಲ್ಲ, ನನ್ನನ್ನು ಕರೆದರು. ನಡೆದದ್ದನ್ನು ನಾನು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ.

ಈಗ ನನಗೆ ಬೆಳಗಾವಿಯಲ್ಲಿ ಒಂದು ಶೆಡ್ಡು, ಎರಡು ವೆಲ್ಡಿಂಗ್ ಮಷಿನ್, ನಾಲ್ಕು ಜನ ಕೆಲಸಗಾರರು ಮತ್ತು ಹನ್ನೊಂದು ಗಿರಣಿಗಳ ಕೆಲಸ ಇದೆ.