ಮಂಚದ ಕಾಲಿನ ಕೆಂಪು ಗೀಟು

ಬೆಳಿಗ್ಗೆ ಚಪ್ಪಲಿ ಹುಡುಕಲು ಬಗ್ಗಿದ ಉಚ್ಚಂಗೆಪ್ಪನಿಗೆ ತನ್ನ ಮಂಚದ ಕಾಲಿನ ಮೇಲೊಂದು ಕೆಂಪು ಗೀಟು ಕಾಣಿಸಿತು. ಚಪ್ಪಲಿ ಮರೆತು ಅದನ್ನೇ ನೋಡಿದ. ತಂಬ್ರಹಳ್ಳಿಯಲ್ಲಿ ನಲವತ್ತು ವರ್ಷ ಕುರಿ ಕಾಯ್ದವನು ಅವನು. ಕೆಂಪು ಬಳಿಯುವುದು ಸಂತೆಗೆ ಹೊಡೆಯುವ ಕುರಿಗೆ, ಉಳಿಯುವ ಕುರಿಗಲ್ಲ.

ಕೊಟ್ಟೂರಿನ ಆ ವೃದ್ಧಾಶ್ರಮದಲ್ಲಿ ಅವನಿಗೆ ಬೇಕಾಗಿದ್ದುದು ಮಂಚವಿದ್ದ ಈ ಮೂಲೆಯೊಂದೇ. ಪಕ್ಕದ ಕಿಟಕಿಯಲ್ಲಿ ಬೀಳು ಹೊಲಕ್ಕೆ ಹೋಗುವ ಕುರಿಗಳು ದಿನಾ ಕಾಣುತ್ತಿದ್ದವು. "ಎಲ್ಲಾರ ಕೂಡ ಬೆರೀಬೇಕ್ರಿ ಅಜ್ಜಾರ" ಎಂದು ಮೇಲ್ವಿಚಾರಕಿ ಶಿವಲೀಲಾ ಹೇಳಿದಾಗಲೆಲ್ಲ, "ನಾನು ಹಿಂಡಿನ ನಡುವೆ ಮಲಗಿದೋನಲ್ಲವ್ವ, ಅಂಚಿಗೆ ಮಲಗಿದೋನು" ಎಂದು ಕಿಟಕಿಗೆ ಮುಖ ತಿರುಗಿಸುತ್ತಿದ್ದ.

ಈಗ ಯಾರೋ ಮೂಲೆಗೆ ಕಣ್ಣು ಹಾಕಿದ್ದಾರೆ! ಕಿವಿಸಂದಿಯಲ್ಲಿ ಕೆಂಪು ಸೀಮೆಸುಣ್ಣ ಸಿಕ್ಕಿಸಿಕೊಂಡು ಓಡಾಡುವವನು ಎದುರು ಮಂಚದ ಖಾಜಾಸಾಬ್ ಒಬ್ಬನೇ, ಮೊದಲು ಬಡಗಿಯಾಗಿದ್ದವನು. ಕಳ್ಳನನ್ನೇ ಕೇಳಿದರೆ ನಿಜ ಹೇಳಿಯಾನೇ? ಉಳಿದವರ ಬಾಯಿ ಬಿಡಿಸಲು ಹೊರಟ.

ತಿಂಡಿಗೆ ಅದೇ ಕೋಣೆಯ ಮಾರಣ್ಣನ ಪಕ್ಕ ಕುಳಿತ. ನೆಟ್ಟಗೆ ಕೇಳಿದರೆ ಹುಷಾರಾದಾನೆಂದು, "ಮಂಡಿ ನೋವು ಹೆಂಗೈತಿ?" ಎಂದು ಶುರು ಮಾಡಿದ. ಎರಡು ವರ್ಷದಿಂದ ಯಾರೂ ಕೇಳದ ಮಾತು. ಮಾರಣ್ಣನ ಎಡಮಂಡಿ ಮುಗಿಯುವಷ್ಟರಲ್ಲಿ ಉಪ್ಪಿಟ್ಟು ಆರಿ ಗಟ್ಟಿ ಹೆಂಟೆಯಾಗಿತ್ತು. ಬಲಮಂಡಿ ಆರಂಭವಾಗುತ್ತಲೇ ಉಚ್ಚಂಗೆಪ್ಪ ಎದ್ದ.

ಅಂಗಳದಲ್ಲಿ ಈರಕ್ಕ ಅವರೆಕಾಯಿ ಸುಲಿಯುತ್ತಿದ್ದಳು. ತಾನೂ ಸುಲಿಯಲು ಕುಳಿತ.

"ಏನಣ್ಣ, ನಿಂಗ ಬಾಯಿ ಐತಾ? ಮೂಗ ಅಂದ್ಕಂಡಿದ್ದೆ!"

"ಮಂಚ ಗಿಂಚ ಬದಲು ಮಾಡ್ತಾರಂತೇನವ್ವ?"

"ಮಂಚ ಸುಡ್ಲಿ, ನನ್ನ ಸೊಸಿ ಸುದ್ದಿ ಕೇಳು."

ಸಂಜೆಯೊಳಗೆ ಹನ್ನೊಂದು ಮಂದಿಯ ಸೊಸೆ, ಸಕ್ಕರೆ ಕಾಯಿಲೆ, ಬಿದ್ದ ಹಲ್ಲುಗಳ ಕತೆ ಕೇಳಿದ್ದಾಯಿತು. ಗೀಟಿನ ಬಗ್ಗೆ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ಅನುಮಾನ ಬಲಿಯಿತು: ಯಾರಿಗೂ ಗೊತ್ತಿಲ್ಲವೆಂದರೆ ಎಲ್ಲರೂ ಸೇರಿದ್ದಾರೆಂದೇ ಲೆಕ್ಕ!

ಕೋಣೆಗೆ ಬಂದರೆ ಅವನ ಮಂಚ ಮೂಲೆಯಲ್ಲಿಲ್ಲ, ನಟ್ಟನಡುವೆ ಇದೆ.

"ಲೇ ಸಾಬ, ನಿನ್ನ ಗೀಟಿನ ಕೆಲಸ ಇದು!"

"ಕಾಲು ಅಲ್ಲಾಡ್ತಿತ್ತೋ ಮಾರಾಯ, ಗುರುತು ಹಾಕಿದ್ದೆ. ಬೆಣಿ ಹೊಡದು ಮೂಲ್ಯಾಗೇ ಇಡೋನಿದ್ದೆ. ನನ್ನ ಕೇಳಿದ್ರ ಬೆಳಿಗ್ಗೇನ ಹೇಳ್ತಿದ್ದೆ."

"ಮತ್ತ ಇಲ್ಲಿ ಇಟ್ಟೋರು ಯಾರು?"

"ನಾನೇ ರೀ ಅಜ್ಜಾರ" ಎನ್ನುತ್ತ ಶಿವಲೀಲಾ ಬಂದಳು. "ಇವತ್ತು ಎಲ್ಲಾರನ್ನೂ ಎಷ್ಟು ಚೆಂದ ಮಾತಾಡಿಸಿದ್ರಿ! ನಿಮ್ಮಂಥೋರು ನಡುವೆ ಇರಬೇಕು. ಮೂಲಿ ಖಾಜಾಸಾಬರಿಗೆ ಕೊಟ್ಟೀನಿ. ಪಾಪ, ಅವರೊಬ್ಬರನ್ನ ಇವತ್ತು ಯಾರೂ ಮಾತಾಡಿಸ್ಲಿಲ್ಲ. ಕಿಟಕಿಯಾರ ಇರಲಿ."

ಉಚ್ಚಂಗೆಪ್ಪ ಮಂಚದ ಮೇಲೆ ಕುಸಿದ. ಬೆಣೆ ಹೊಡೆದ ಕಾಲು ಚೂರೂ ಅಲ್ಲಾಡಲಿಲ್ಲ. ಪಕ್ಕದ ಮಂಚದಲ್ಲಿ ಮಾರಣ್ಣ ಆಗಲೇ ಪಂಚೆ ಮೇಲೆತ್ತಿ ಕಾಯುತ್ತಿದ್ದ.

"ಬಲಮಂಡಿದು ಅರ್ಧಕ್ಕೇ ನಿಂತೈತಲ್ಲಣ್ಣ..."