ಹೊಲಿಗೆ ಅಜ್ಜಿಯನ್ನು ತಲೆಬರಹ ಮಾಡಿದವರಿಗೆ

ನಮ್ಮ ಕಿವಿ ಚಿಕಿತ್ಸಾಲಯದ ಕಂಪ್ಯೂಟರಿನೊಳಗೆ ಬಿಜಯಂಗೈದಿರುವ ದತ್ತಾಂಶ ಸಂಸ್ಕರಣಾ ತಂತ್ರಾಂಶದವರ ಸನ್ನಿಧಿಗೆ, ಅದೇ ಕಂಪ್ಯೂಟರಿನ ಮುಂದೆ ಕೂರುವ ಸಾಹಿತ್ಯ ಪದವೀಧರೆಯ ವಿನಯಪೂರ್ವಕ ನಮಸ್ಕಾರಗಳು.

ಮಾನ್ಯರೇ,

ಉಚಿತ ಶ್ರವಣಸಾಧನಕ್ಕೆ ಹೆಸರು ಬರೆಸಿದವರ ಪಟ್ಟಿಯನ್ನು, ಒಬ್ಬರಿಗೆ ಒಂದು ಸಾಲಿನಂತೆ, ಹೆಸರು, ಬೀದಿ, ವಯಸ್ಸು, ಕೇಳದ ಕಿವಿ ಇವುಗಳ ನಡುವೆ ಅಲ್ಪವಿರಾಮವಿಟ್ಟು, ನಾನೇ ಟೈಪು ಮಾಡಿ ತಮಗೆ ಅರ್ಪಿಸಿದ್ದೆ. ಮೊದಲ ಸಾಲು ಯಾವಾಗಲೂ ಅಂಕಣಗಳ ತಲೆಬರಹವೇ ಆಗಿರುತ್ತದೆಂಬ ತಮ್ಮ ಅಚಲ ನಂಬಿಕೆ ನನಗೆ ತಿಳಿದಿರಲಿಲ್ಲ. ಎಲ್ಲರಿಗಿಂತ ಮೊದಲು ಬಂದು ಹೆಸರು ಬರೆಸಿದ್ದ ಹೊಲಿಗೆ ಅಜ್ಜಿಗೆ ತಾವು ಆ ಪದವಿಗೆ ಬಡ್ತಿ ಕೊಟ್ಟಿರಿ. ಈಗ ಊರಿನವರ ಹೆಸರುಗಳೆಲ್ಲ ಅಜ್ಜಿಯ ಹೆಸರಿನ ಅಡಿಯಲ್ಲಿವೆ, ಬೀದಿಗಳೆಲ್ಲ ಅವರ ಬೀದಿಯ ಅಡಿಯಲ್ಲಿವೆ, ವಯಸ್ಸುಗಳೆಲ್ಲ ‘ಎಪ್ಪತ್ತೆಂಟು’ ಎಂಬ ಅಂಕಣದ ಕೆಳಗೆ ತಲೆತಗ್ಗಿಸಿ ನಿಂತಿವೆ. ಇಷ್ಟು ಗೌರವ ಅಜ್ಜಿಗೆ ಸ್ವಂತ ಸೊಸೆಯಿಂದಲೂ ಸಿಕ್ಕಿರಲಾರದು. ಕೊರತೆ ಒಂದೇ: ತಲೆಬರಹಗಳಿಗೆ ಶ್ರವಣಸಾಧನ ಕೊಡುವ ಪದ್ಧತಿ ತಮ್ಮಲ್ಲಿಲ್ಲ. ಸಾಧನ ಪಡೆಯಲು ಬನ್ನಿರೆಂಬ ಕರೆಪತ್ರ ಉಳಿದವರಿಗೆಲ್ಲ ಹೋಯಿತು, ಅವರಿಗೆ ಹೋಗಲಿಲ್ಲ.

ಅಜ್ಜಿ ತಾವಾಗಿಯೇ ಬಂದರು. “ಮರಿಮಗಳು ಮಾತು ಕಲೀತಿದಾಳೆ ಕಣಮ್ಮ, ಅವಳ ತೊದಲು ಮುಗಿಯೋದ್ರೊಳಗೆ ಕೊಟ್ಬಿಡು” ಎಂದರು. ಮೇಲಧಿಕಾರಿಗಳ ಬಳಿ ಹೋದರೆ ಅವರು ತಲೆಯನ್ನೂ ಎತ್ತದೆ, “ಯಶಸ್ವಿಯಾಗಿ ಸೇರಿಸಲಾಗಿದೆ ಅಂತ ಪರದೆ ಮೇಲೇ ಬಂದಿದೆಯಲ್ಲಮ್ಮ, ಆ ಅಜ್ಜಿ ಹೆಸರೇ ಕೊಟ್ಟಿಲ್ಲ ಬಿಡು” ಎಂದರು. ತರಗತಿಯಲ್ಲಿ ಹಾಜರಿ ಹೇಳಲೂ ಬೆವರುತ್ತಿದ್ದ ನಾನು ಅಜ್ಜಿಯ ಕಿವಿಗೆ ಬಾಯಿಟ್ಟು, “ನೀವು ತಲೆಬರಹ ಆಗ್ಬಿಟ್ಟಿದೀರ ಅಜ್ಜೀ!” ಎಂದು, ಕಿವಿ ಕೇಳದವರೇ ತುಂಬಿದ್ದ ಹಜಾರಕ್ಕೆಲ್ಲ ಕೇಳಿಸುವಷ್ಟು ಅರಚಬೇಕಾಯಿತು. “ಆಗ್ಲಿ ಬಿಡಮ್ಮ, ಕಿವಿ ಯಾವಾಗ ಕೊಡ್ತೀಯ?” ಎಂದರು ಅಜ್ಜಿ.

ಆದಕಾರಣ ತಾವು ದಯಮಾಡಿ ಒಮ್ಮೆ ಪರದೆಯಿಂದ ಇಳಿದು ಬಂದು, ಅಜ್ಜಿಯ ಪಕ್ಕ ಬೆಂಚಿನ ಮೇಲೆ ಕೂತು, ಈ ಪದವಿಯ ಮಹಿಮೆಯನ್ನು ತಾವೇ ವಿವರಿಸಬೇಕು. ಅದಕ್ಕೆ ಬಿಡುವಿಲ್ಲದಿದ್ದರೆ, ಸಾಧನ ಕೈಸೇರುವವರೆಗೆ ಆ ಮಗು ಮಾತು ಕಲಿಯದಂತೆಯಾದರೂ ತಡೆಹಿಡಿಯಬೇಕೆಂದು ಕೋರುತ್ತೇನೆ.

ತಮ್ಮ ಯಶಸ್ಸಿನ ಮೇಲೆ ವಿಶ್ವಾಸ ಹೋದರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮೂಲೆಯ ಮೇಜಿನವಳು

ತಾ.ಕ.: ಪತ್ರ ಮುಗಿಸಿದ ಮೇಲೆ ಒಂದು ಉಪಾಯ ಹೊಳೆದು, ಪಟ್ಟಿಯನ್ನು ತಮಗೆ ಮತ್ತೆ ಸಲ್ಲಿಸಿದೆ. ಮೊದಲ ಸಾಲಿನಲ್ಲಿ ಮೇಲಧಿಕಾರಿಗಳು, ಎರಡನೆಯದರಲ್ಲಿ ಅಜ್ಜಿ. ಅಜ್ಜಿಗೆ ಕರೆಪತ್ರ ಹೋಯಿತು. ಮೇಲಧಿಕಾರಿಗಳನ್ನು ತಾವು ತಲೆಬರಹವಾಗಿಯೇ ಇಟ್ಟುಕೊಳ್ಳಬಹುದು. ಅವರ ಕಿವಿಗೆ ಹೊಂದುವ ಸಾಧನ ನಮ್ಮಲ್ಲಿ ಇನ್ನೂ ಬಂದಿಲ್ಲ.